ಅಲೆಯ ಮೇಲೆ ಅಜ್ಜಿಯ ಮಣೆ

ಮೊನ್ನೆ ಹಲ್ಲಿನ ಡಾಕ್ಟರರ ಬಳಿ ಸರದಿ ಕಾಯುತ್ತ ಕುಳಿತಿದ್ದಾಗ ಒಂದು ಹಳೆಯ ಪತ್ರಿಕೆ ಕೈಗೆ ಸಿಕ್ಕಿತು. ಅದರಲ್ಲೊಂದು ಚಿತ್ರ. ಯಾವುದೋ ದ್ವೀಪದ ಗಟ್ಟಿಮುಟ್ಟಾದ ಮನುಷ್ಯನೊಬ್ಬ ಎರಡು ಮೊಳದ ಹಲಗೆಯ ಮೇಲೆ ಬೋರಲು ಮಲಗಿ, ಕಡಲ ಅಲೆಯ ಜೊತೆ ದಡಕ್ಕೆ ಬರುತ್ತಿದ್ದಾನೆ. ಆ ಹಲಗೆಗೆ ಪೈಪೋ ಎಂದು ಹೆಸರಂತೆ. ಅದರ ಸವಾರಿಗೆ ಬಹಳ ಅಭ್ಯಾಸ ಬೇಕಂತೆ. ನನಗೆ ನಗು ತಡೆಯಲಾಗಲಿಲ್ಲ. ಹಲ್ಲುನೋವಿನವರು ನಗಬಾರದೆಂಬ ಕಾನೂನೇನಿಲ್ಲ. ಆದರೂ ಪಕ್ಕದಲ್ಲಿ ಕೂತಿದ್ದಾಕೆ ಗಾಬರಿಯಾಗಿ, "ಯಾಕ್ರೀ ಅಮ್ಮಾ, ಆರಾಮ ಇದ್ದೀರಿಲ್ಲ?" ಎಂದಳು. "ಆರಾಮ ಇದ್ದೀನವಾ. ಇದು ನಮ್ಮಜ್ಜಿ ಊಟದ ಮಣಿ, ನೋಡು" ಎಂದು ಚಿತ್ರ ತೋರಿಸಿದೆ. ಆಕೆ ಪಾಪ, ಮೆಲ್ಲಗೆ ಇನ್ನೊಂದು ಕುರ್ಚಿಗೆ ಸರಿದಳು.

ಅವಳ ತಪ್ಪಿಲ್ಲ ಬಿಡಿ. ಕಲಬುರಗಿಯ ಶಹಾಬಜಾರದ ಓಣಿಯಲ್ಲಿ ಹುಟ್ಟಿ, ಅದೇ ಓಣಿಯಲ್ಲಿ ಮುದುಕಿಯಾದವಳು ಕಡಲ ಅಲೆ ಏರಿದ್ದಳೆಂದರೆ ಯಾರು ನಂಬಬೇಕು? ನಮ್ಮೂರಲ್ಲಿ ನೀರೆಂದರೆ ನಲ್ಲಿಗೆ ಬಂದಾಗ ಓಡಿಹೋಗಿ ಹಿಡಿದಿಡುವ ವಸ್ತು. ನಾನಂತೂ ಈಗ ಬಚ್ಚಲಿಗೆ ಹೋಗುವಾಗಲೂ ಗೋಡೆ ಹಿಡಿದುಕೊಂಡೇ ಹೋಗುತ್ತೇನೆ. ಆದರೆ ಹನ್ನೆರಡನೆಯ ವಯಸ್ಸಿನಲ್ಲಿ ನಾನು ಹೀಗಿರಲಿಲ್ಲ.

ಮೊದಲು ಮಣೆಯ ವಿಷಯ ಹೇಳಬೇಕು. ನಮ್ಮಜ್ಜಿ ಕಮಲಾಪುರದವಳು, ಅಪ್ಪನ ತಾಯಿ. ಅಲ್ಲಿ ಅವಳದೊಂದು ಕೆಂಪು ಬಾಳೆಯ ತೋಟ, ತೋಟದಲ್ಲೊಂದು ಬಾವಿ. ಒಣ ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿ ಆ ಬಾವಿಗೆ ನನ್ನನ್ನು ದೂಡಿ ಈಜು ಕಲಿಸಿದವಳೂ ಅವಳೇ. ಅಜ್ಜ ಊಟದಲ್ಲೂ ಮೈಯಲ್ಲೂ ದೊಡ್ಡ ಮನುಷ್ಯ. ಸಾಮಾನ್ಯ ಮಣೆ ಅವನಿಗೆ ಸಾಲದೆಂದು ಊರ ಬಡಿಗ ಬೇವಿನ ಮರದಲ್ಲಿ ಎರಡು ಮೊಳದ ಮಣೆ ಮಾಡಿಕೊಟ್ಟಿದ್ದ. ಎಲ್ಲ ಮಣೆಗಳಿಗೂ ಕೆಳಗಿನ ಪಟ್ಟಿ ಅಡ್ಡ ಇದ್ದರೆ ಇದಕ್ಕೆ ಉದ್ದಕ್ಕೆ ಇದ್ದವು. ಅಜ್ಜಿ ಬದುಕಿರುವವರೆಗೂ ಆ ಬಡಿಗನನ್ನು ಬೈದಳು. ಅಜ್ಜ ಹೋದಮೇಲೆ ಆ ಮಣೆಯ ಮೇಲೆ ತಾನೇ ಕೂತು ಉಣ್ಣತೊಡಗಿದಳು. ಆದರೆ ಒಂದು ತುದಿಗೆ ಮಾತ್ರ ಕೂಡುತ್ತಿದ್ದಳು, ಉಳಿದ ಜಾಗ ಅಜ್ಜನದು.

ಹೈದರಾಬಾದ್ ಸಂಸ್ಥಾನದ ಕೊನೆಯ ದಿನಗಳು ನಿಮಗೆ ಗೊತ್ತಲ್ಲ. ನಮ್ಮ ಮಂದಿ ಈಗಲೂ ಅದನ್ನು ಗಲಾಟೆಯ ಕಾಲ ಎನ್ನುತ್ತಾರೆ. ಇವತ್ತು ಆ ಊರು ಸುಟ್ಟರಂತೆ, ನಾಳೆ ಈ ಊರಿಗೆ ಬರುತ್ತಾರಂತೆ ಎಂಬ ಸುದ್ದಿಯೇ ಅನ್ನ, ಸುದ್ದಿಯೇ ನೀರು. ಅಪ್ಪ ಅಜ್ಜಿಯನ್ನು ಕಮಲಾಪುರದಿಂದ ಶಹಾಬಜಾರದ ನಮ್ಮ ಮನೆಗೆ ಕರೆತಂದ. ಆಮೇಲೆ ಅಲ್ಲೂ ಧೈರ್ಯ ಸಾಲದೆ, ಕಾರವಾರದ ಕಡೆ ಕಡಲ ದಂಡೆಯ ಊರಲ್ಲಿದ್ದ ಗೋದಾತ್ತೆಯ ಮನೆಗೆ ಕಳಿಸುವುದೆಂದಾಯಿತು. ಗೋದಾತ್ತೆ ಅಪ್ಪನ ತಂಗಿ, ಅಜ್ಜಿಯ ಒಬ್ಬಳೇ ಮಗಳು. ಅಪ್ಪ ಕಚೇರಿ ಬಿಟ್ಟು ಬರುವಂತಿರಲಿಲ್ಲ, ಅವ್ವ ಅಪ್ಪನನ್ನು ಬಿಟ್ಟು ಬರುವಂತಿರಲಿಲ್ಲ. ಹೀಗಾಗಿ ಹೊರಟವರು ಅಜ್ಜಿ, ನಾನು ಮತ್ತು ಮಣೆ.

ಅದನ್ನೇಕೆ ಹೊರಬೇಕು ಎಂದು ಅಪ್ಪ ಅಂಗಲಾಚಿದ. ಅಜ್ಜಿಯ ಕಷ್ಟ ಬೇರೆಯದೇ ಇತ್ತು. ಮಗಳ ಮನೆಯಲ್ಲಿ ಉಣ್ಣುವುದಿಲ್ಲವೆಂಬುದು ಅವಳ ಹಟ. ಹಿಂದಿನವರದು ಹಾಗೇ ಇತ್ತು. ತಿಂಗಳುಗಟ್ಟಲೆ ಉಪವಾಸವಂತೂ ಸಾಧ್ಯವಿಲ್ಲ. ಅದಕ್ಕೇ ಒಂದು ಯುಕ್ತಿ ಮಾಡಿದ್ದಳು: "ಈ ಮಣಿ ಮ್ಯಾಲ ಕೂತೀನಿ ಅಂದ್ರ ನಾ ಕಮಲಾಪುರದಾಗ ಕೂತಂಗ. ಬಡಸೋರು ಯಾರರ ಇರವಲ್ಲರ್ಯಾಕ, ಉಣ್ಣೂದು ನನ್ನ ಮನ್ಯಾಗ." ದೊಡ್ಡ ದೊಡ್ಡ ವಕೀಲರಿಗೂ ಹೊಳೆಯದ ವಾದ. ರೈಲಿನಲ್ಲಿ ಸೊಲ್ಲಾಪುರ, ಹುಬ್ಬಳ್ಳಿ, ಅಲ್ಲಿಂದ ಮೋಟಾರಿನಲ್ಲಿ ಘಟ್ಟ ಇಳಿದು ಕಮಲಾಪುರ ನಮ್ಮ ಜೊತೆಯಲ್ಲೇ ಬಂತು. ಅದರ ಒಂದು ತುದಿ ದಾರಿಯುದ್ದಕ್ಕೂ ನನ್ನ ಪಕ್ಕೆಲುಬಿಗೆ ತಿವಿಯುತ್ತಿತ್ತು.

ಕಡಲನ್ನು ಮೊದಲ ಸಲ ಕಂಡಾಗ ನಾನು ಬಾಯಿ ತೆರೆದು ನಿಂತೆ. ಅಜ್ಜಿ ಕೈ ಮುಗಿದಳು. ಆದರೆ ಮುಟ್ಟಲಿಲ್ಲ, ನನಗೂ ಮುಟ್ಟಗೊಡಲಿಲ್ಲ. ಶಾಸ್ತ್ರದ ಪ್ರಕಾರ ಸಮುದ್ರವನ್ನು ಕಂಡಕಂಡಾಗ ಮುಟ್ಟುವಂತಿಲ್ಲ, ಪರ್ವದ ದಿನ ಮಾತ್ರ ಮುಟ್ಟಬಹುದು. ಎಂದರೆ ಅಮಾವಾಸ್ಯೆ, ಹುಣ್ಣಿಮೆ. ಶಾಸ್ತ್ರ ಬರೆದವರು ಬಹುಶಃ ದಂಡೆಯ ಮೇಲೆ ನಿಂತು ಬರೆಯಲಿಲ್ಲ. ಅವೆರಡು ದಿನವೇ ಕಡಲು ಉಕ್ಕುವುದು, ಮೀನುಗಾರರೂ ಹುಷಾರಾಗಿರುವುದು. ಊರವರು ದೂರ ಸರಿಯುವ ಹೊತ್ತಿಗೆ ನಾವು ಬಯಲುಸೀಮೆಯ ಇಬ್ಬರು ಕೈಕೈ ಹಿಡಿದು, ಮಂತ್ರ ಹೇಳುತ್ತ ಒಳಗೆ ಇಳಿಯುತ್ತಿದ್ದೆವು. "ಅವ್ವಾ, ನಾಳೆ ಮುಳುಗಿದ್ರ ಆಗೂದಿಲ್ಲೇನು?" ಎಂದು ಗೋದಾತ್ತೆ ಹಣೆ ಬಡಿದುಕೊಳ್ಳುತ್ತಿದ್ದಳು.

ಉಳಿದ ದಿನ ನಾನು ದಂಡೆಯಲ್ಲಿ ಕೂತು ನೋಡಬೇಕು. ಏನು ನೋಡುವುದು? ಮೀನುಗಾರರ ಮಕ್ಕಳು ಮುರಿದ ದೋಣಿಯ ಹಲಗೆ ಎದೆಗವುಚಿಕೊಂಡು ಸೊಂಟದ ನೀರಿಗೆ ಹೋಗುವರು, ಅಲೆ ಬಂದೊಡನೆ ಅದರ ಮೇಲೆ ಬಿದ್ದು ಸುಂಯ್ ಎಂದು ದಡಕ್ಕೆ ಬರುವರು. ಇದನ್ನು ಕಂಡು ಸುಮ್ಮನಿರುವುದು ಯಾರಿಂದ ಸಾಧ್ಯ? ನನ್ನಿಂದ ಎಂಟು ದಿನ ಸಾಧ್ಯವಾಯಿತು. ಒಂಬತ್ತನೆಯ ದಿನ ಮನೆಯೆಲ್ಲ ಹಲಗೆ ಹುಡುಕಿದೆ. ಇದ್ದದ್ದು ಒಂದೇ. ಅಜ್ಜಿ ಒಪ್ಪತ್ತು ಉಣ್ಣುವವಳು, ಮಧ್ಯಾಹ್ನ ಕೈ ತೊಳೆದರೆ ಮಣೆಗೆ ಮರುದಿನದವರೆಗೂ ರಜೆ.

ಮೊದಲ ಸವಾರಿಗಳ ಬಗ್ಗೆ ಹೆಚ್ಚು ಹೇಳುವುದು ನನ್ನ ಮರ್ಯಾದೆಗೆ ಒಳ್ಳೆಯದಲ್ಲ. ಅಲೆ ಕಂಡಕೂಡಲೇ ಅದರ ಮೇಲೆ ಹಾರುತ್ತಿದ್ದೆ. ಅಲೆ ನನ್ನ ಮೇಲೆ ಹಾರುತ್ತಿತ್ತು. ಮೂಗಿನಲ್ಲಿ ಉಪ್ಪುನೀರು, ಕಿವಿಯಲ್ಲಿ ಮರಳು, ಮಣೆ ಒಂದು ಕಡೆ, ನಾನೊಂದು ಕಡೆ, ಲಂಗ ಮೂರನೆಯ ಕಡೆ. ದಿನ ಕಳೆದಂತೆ ಒಂದು ಗುಟ್ಟು ತಿಳಿಯಿತು. ಅಲೆಯನ್ನು ಹಿಡಿಯಲು ಹೋಗಬಾರದು. ದಡಕ್ಕೆ ಮುಖ ಮಾಡಿ, ಏನೂ ಗೊತ್ತಿಲ್ಲದವರ ಹಾಗೆ ನಿಲ್ಲಬೇಕು. ಹಿಂದಿನಿಂದ ಅದು ಬಂದು ಎತ್ತುವ ಹೊತ್ತಿಗೆ ಸರಿಯಾಗಿ ಕಾಲಿನಿಂದ ನೆಲ ಒದ್ದು ಮಣೆಯ ಮೇಲೆ ಮಲಗಿಬಿಡಬೇಕು. ಬಡಿಗ ಉದ್ದಕ್ಕೆ ಹೊಡೆದ ಪಟ್ಟಿಗಳು ನೀರು ಸೀಳಿಕೊಂಡು ನೆಟ್ಟಗೆ ಹೋಗುತ್ತಿದ್ದವು. ಆ ಪುಣ್ಯಾತ್ಮ ತಪ್ಪು ಮಾಡಿರಲಿಲ್ಲ, ಐವತ್ತು ವರ್ಷ ಮುಂಚೆ ಮಾಡಿದ್ದ, ಅಷ್ಟೆ.

ದಿನದ ಸಣ್ಣ ಅಲೆಗಳ ಮೇಲೆ ನಾನು ರಾಣಿಯಾದೆ. ಸಂಜೆಯೊಳಗೆ ಮಣೆಯನ್ನು ಸಿಹಿನೀರಿನಲ್ಲಿ ತೊಳೆದು, ಒರೆಸಿ, ಗೋಡೆಗೆ ಒರಗಿಸುತ್ತಿದ್ದೆ. ಆದರೂ ಬಿಳಿ ಉಪ್ಪು ಏಳುತ್ತಿತ್ತು. "ಈ ಊರ ಗಾಳಿನೇ ಉಪ್ಪ ಅದ ನೋಡು" ಎಂದು ಅಜ್ಜಿ ಸೆರಗಿನಿಂದ ಒರೆಸಿ ಕೂಡುತ್ತಿದ್ದಳು. ನಾನು ಹೌದೌದು ಎಂದು ತಲೆಯಾಡಿಸುತ್ತಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಮಳೆಗಾಲ ಬಂದು ಕಡಲು ಬಾಗಿಲು ಹಾಕಿತು. ಅಪ್ಪನ ಕಾಗದಗಳೂ ನಿಂತವು. ಅಜ್ಜಿ ಊಟಕ್ಕೆ ಕೂತಾಗಲೆಲ್ಲ ಮಣೆಯ ಖಾಲಿ ತುದಿಯನ್ನು ಸವರಿ, ಮಗನ ಹೆಸರು ಹೇಳಿ ಒಂದು ತುತ್ತು ಪಕ್ಕಕ್ಕಿಡುವಳು. ಗಣಪತಿ ಹಬ್ಬವೂ ಆಯಿತು. ಅನಂತ ಚತುರ್ದಶಿಯ ಸಂಜೆ ಪೇಟೆಯ ಅಂಗಡಿಯ ರೇಡಿಯೋ ಕೇಳಿ ಗೋದಾತ್ತೆಯ ಗಂಡ, ನಮ್ಮ ಮಾಮ, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಓಡಿಬಂದರು. ಭಾರತದ ಸೈನ್ಯ ನಡೆಸಿದ ಪೊಲೀಸ್ ಆ್ಯಕ್ಷನ್ ಮುಗಿದಿತ್ತು, ನಿಜಾಮ ಶರಣಾಗಿದ್ದ. ಮರುದಿನ ಬೆಳಿಗ್ಗೆ ಅಪ್ಪನ ತಂತಿಯೂ ಬಂತು: ಎಲ್ಲರೂ ಸುಖ, ಹೊರಟು ಬನ್ನಿ.

ಆ ದಿನ ಅನಂತನ ಹುಣ್ಣಿಮೆ. ಅಜ್ಜಿ ಸಮುದ್ರಸ್ನಾನ ಮಾಡಿಯೇ ಹೊರಡುವುದೆಂದಳು. ಇನ್ನೂ ಒಂದು ಮಾತು ಸೇರಿಸಿದಳು: "ಮುಂದಿನ ತುತ್ತು ಕಮಲಾಪುರದಾಗ, ಇದೇ ಮಣಿ ಮ್ಯಾಲ. ಅಲ್ಲೀತನಕ ಬರೇ ನೀರು." ಊರು ಮುಟ್ಟಲು ಮೂರು ದಿನ ಬೇಕು. ಅರವತ್ತು ದಾಟಿದ ಜೀವ. ಗೋದಾತ್ತೆ ಅತ್ತಳು, ಅಜ್ಜಿ ಕೇಳಲಿಲ್ಲ. ಪ್ರಯಾಣಕ್ಕೆ ಮುಂಚೆ ಮಣೆಯನ್ನೂ ಮೀಯಿಸುವೆನೆಂದು ತಾನೇ ಹೊತ್ತು ದಂಡೆಗೆ ತಂದಳು.

ಮೊಣಕಾಲು ನೀರಿನಲ್ಲಿ ಬಗ್ಗಿ ತೊಳೆಯುತ್ತಿದ್ದಳು. ಹುಣ್ಣಿಮೆಯ ಒಂದು ಅಲೆ ಬಂತು, ಅಜ್ಜಿಯನ್ನು ಕೂಡಿಸಿತು, ಮಣೆಯನ್ನು ಎತ್ತಿಕೊಂಡು ಹೋಯಿತು. ನೋಡನೋಡುತ್ತ ಅದು ಅಲೆ ಮುರಿಯುವ ಗೆರೆಯ ಆಚೆ ಸೇರಿತು. ಅಜ್ಜಿ ಕೂತಲ್ಲೇ ಎರಡೂ ಕೈ ಚಾಚಿದಳು, ಹೋಗುವವರನ್ನು ಕರೆಯುವ ಹಾಗೆ. ಆ ಕೈಗಳನ್ನು ನೋಡಿದ ಮೇಲೆ ನನಗೆ ಗುಟ್ಟು, ಗಿಟ್ಟು ಏನೂ ನೆನಪಿಗೆ ಬರಲಿಲ್ಲ. ಓಡಿ ಹಾರಿದೆ. ಕಮಲಾಪುರದ ಬಾವಿಯಲ್ಲಿ ಕಲಿತ ಈಜು ಪೂರ್ತಿ ಖರ್ಚಾಗುವ ಹೊತ್ತಿಗೆ ಮಣೆ ಕೈಗೆ ಸಿಕ್ಕಿತು.

ತಿರುಗಿ ನೋಡಿದರೆ ದಡದಲ್ಲಿ ಗೋದಾತ್ತೆ ಬೆರಳಷ್ಟಾಗಿ ಕಾಣುತ್ತಿದ್ದಳು. ತೋಳು ಸೋತಿದ್ದವು. ಈಜಿ ಬರುವುದು ಸುಳ್ಳು. ಹಿಂದೆ ನೀರು ಗೋಡೆಯಾಗಿ ಏಳುತ್ತಿತ್ತು, ನನ್ನ ದಿನದ ಅಲೆಗಳ ಮುತ್ತಜ್ಜನಂಥದು. ದಡಕ್ಕೆ ಮುಖ ಮಾಡಿದೆ, ಏನೂ ಗೊತ್ತಿಲ್ಲದವಳ ಹಾಗೆ. ಎತ್ತಿತು. ಮಲಗಿದೆ. ಅಬ್ಬಬ್ಬಾ! ಅದನ್ನು ಹೇಗೆ ಹೇಳಲಿ? ಕಿವಿಯಲ್ಲಿ ಗಾಳಿ, ಎದೆಯ ಕೆಳಗೆ ಬೇವಿನ ಹಲಗೆ ಗುಡುಗುಟ್ಟುತ್ತಿತ್ತು. ಇಡೀ ಕಡಲು ನನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡು ಓಡುತ್ತಿತ್ತು. ಭಯವಾಗಬೇಕಿತ್ತು, ನಾನು ಜೋರಾಗಿ ನಗುತ್ತಿದ್ದೆ. ಸೀದಾ ಬಂದು ಅಜ್ಜಿಯ ಪಾದಕ್ಕೆ ಮಣೆ ತಾಗಿ ನಿಂತಿತು.

ಗೋದಾತ್ತೆ ಅತ್ತಳು, ಬೈದಳು, ಮತ್ತೆ ಅತ್ತಳು. ಅಜ್ಜಿ ಮಣೆಯನ್ನು ತಿರುವಿ ಪಟ್ಟಿಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ತುಂಗಿ, ಇದು ಎಂದಿನಿಂದ ನಡದದ?"

"ಶಿವರಾತ್ರಿಯಿಂದ, ಅಜ್ಜಿ."

"ದಿನಾ?"

"ಮಳಿಗಾಲ ಬಿಟ್ಟು ದಿನಾ."

ಪರ್ವವಲ್ಲದ ಅಷ್ಟೂ ದಿನ ಸಮುದ್ರ ಮುಟ್ಟಿದ ಪಾಪ! ನಾನು ಬೆನ್ನು ಗಟ್ಟಿ ಮಾಡಿಕೊಂಡು ನಿಂತೆ. ಅಜ್ಜಿ ಸೆರಗಿನಿಂದ ಮಣೆ ಒರೆಸಿದಳು.

"ಮಣಿ ಮ್ಯಾಲ ಇದ್ದಿ, ಹೌದಿಲ್ಲೋ?"

"ಹೌದು."

"ಮತ್ತ ಸಮುದ್ರ ಎಲ್ಲಿ ಮುಟ್ಟಿದಿ? ಕಮಲಾಪುರದಾಗ ಇದ್ದಿ ನೀ."

ಗೋದಾತ್ತೆಯ ಅಳು ಅರ್ಧಕ್ಕೇ ನಿಂತಿತು. ಅಜ್ಜಿ ಆಚೆ ಈಚೆ ನೋಡಿದಳು. ಸೀರೆಯ ಕಚ್ಚೆ ಬಿಗಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಹ್ಯಾಂಗ ಮಲಗಬೇಕು ತೋರಸು. ಮೂರು ದಿನ ಯಾರು ಕಾಯಬೇಕು? ನಾನೂ ಒಮ್ಮೆ ಕಮಲಾಪುರಕ್ಕ ಹೋಗಿ ಬರ್ತೀನಿ."

ದಂಡೆಯ ಸಣ್ಣ ಅಲೆಯೊಂದನ್ನು ಆರಿಸಿ ನಾನೇ ದೂಡಿದೆ, ಅವಳು ನನ್ನನ್ನು ಬಾವಿಗೆ ದೂಡಿದ ಹಾಗೆ. ಅಜ್ಜಿ ಹತ್ತು ಮಾರು ಬಂದಳು. ಕಣ್ಣು ಮುಚ್ಚಿರಲಿಲ್ಲ. ಅಷ್ಟು ಗಡಿಬಿಡಿಯಲ್ಲೂ ಮಣೆಯ ಒಂದು ಪಕ್ಕಕ್ಕೇ ಮಲಗಿದ್ದಳು. ಮರಳಿಗೆ ತಾಗಿ ನಿಂತ ಮೇಲೆ ಎದ್ದು ಕೂತು, ಉಪ್ಪುನೀರು ಉಗುಳಿ ಗೋದಾತ್ತೆಗೆ ಹೇಳಿದಳು: "ಊರು ಮುಟ್ಟಿದೆ. ಎಲಿ ಹಾಕು, ಹಸಿವಾಗೇದ."