ಮಣಿಕಟ್ಟಿನ ಮೇಲಿನ ಬಕುಳ

ಹೊಳೆಯಲ್ಲಿ ಹರಗೋಲು ಮಗುಚಬಹುದಾಗಿತ್ತು. ಮಗುಚದಿದ್ದರೆ, ಹರಗೋಲಿನವನೇ ಆ ದಿನ ಬೀಗರ ಊರಿಗೆ ಹೋಗಿರಬಹುದಾಗಿತ್ತು. ಮಣ್ಣೂರಿನಿಂದ ಅಫಜಲಪುರಕ್ಕೆ ಬರುವ ಬಂಡಿಯ ಗಾಲಿ ಕಳಚಬಹುದಾಗಿತ್ತು. ಗಾಲಿ ಗಟ್ಟಿಯಿದ್ದರೆ ಎತ್ತಿಗೆ ಹಟ ಬರಬಹುದಾಗಿತ್ತು. ಅಫಜಲಪುರದ ಮೋಟಾರಿನಲ್ಲಿ ಜಾಗ ಸಿಗದೆ ಹೋಗಬಹುದಾಗಿತ್ತು. ಸಿಕ್ಕರೂ ಕಿಡಕಿಯ ಪಕ್ಕ ಸಿಗದೆ ಆಕೆಗೆ ಹೊಟ್ಟೆ ತೊಳಸಬಹುದಾಗಿತ್ತು. ನಮ್ಮ ಹೆಡ್‌ಮಾಸ್ತರರು ನನಗೆ ಅರ್ಧ ದಿನದ ರಜೆ ಕೊಡದಿರಬಹುದಾಗಿತ್ತು. ಕೊಟ್ಟ ರಜೆಯಲ್ಲಿ ನಾನೇ ಜ್ವರ ಬಂದು ಮಲಗಿರಬಹುದಾಗಿತ್ತು. ಆಕೆ ಸುಖವಾಗಿ ಬಂದಿಳಿದು, ಉಳಿದ ಪಾತ್ರೆಗಳನ್ನೂ ಕಟ್ಟಿಕೊಂಡು, ಮರುದಿನದ ಮೋಟಾರಿಗೇ ತಿರುಗಿ ಹೋಗಿಬಿಡಬಹುದಾಗಿತ್ತು. ಇದಾವುದೂ ಆಗದಿದ್ದರೂ, ನಾನು ಮಣಿಕಟ್ಟಿಗೆ ಹಚ್ಚಿಕೊಂಡ ಅತ್ತರು ಸರಿಯಾದ ಹೊತ್ತಿಗೆ ಜೇನಾಗದೆ ಹೋಗಬಹುದಾಗಿತ್ತು.

ಕೊನೆಯದನ್ನು ಓದಿ ನೀವು ನಕ್ಕಿರಿ. ನಗಿರಿ, ನನ್ನ ಅಭ್ಯಂತರವಿಲ್ಲ. ಆದರೆ ಈ ಪಟ್ಟಿಯಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಕೊನೆಯ ಎರಡೇ.

ಆಕೆ ಎಂದರೆ ಗೌರವ್ವ, ನನ್ನ ಹೆಂಡತಿ. ನಾನು ಆಳಂದದ ಶಾಲೆಯಲ್ಲಿ ಲೆಕ್ಕ ಕಲಿಸುವ ಮಾಸ್ತರ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು, ಚಿಂತೆ ಮಾತ್ರ ಎರಡೂ ಭಾಷೆಯಲ್ಲಿ. ಮಕ್ಕಳಿಲ್ಲದ ಮನೆಯಲ್ಲಿ ಚಿಂತಿಸಲಿಕ್ಕೆ ಏನಿದೆ ಎಂದು ಕೇಳುವವರು ಚಿಂತೆಯ ಸ್ವಭಾವ ಅರಿಯದವರು. ಮಕ್ಕಳಿದ್ದವರ ಚಿಂತೆಗೆ ಕೂಡಲು ಒಂದು ಜಾಗವಾದರೂ ಇರುತ್ತದೆ. ನನ್ನದು ಮನೆತುಂಬ ಓಡಾಡುತ್ತದೆ.

ಕಳೆದ ಮಾಘದಲ್ಲಿ, ಸುತ್ತಲಿನ ಹಳ್ಳಿಗಳಿಂದ ದಿನಕ್ಕೊಂದು ಸುದ್ದಿ ಬರುತ್ತಿದ್ದಾಗ, ಆ ಚಿಂತೆ ಹೊಸ್ತಿಲು ದಾಟಿತು. ಇಂಥ ಊರಿಗೆ ನಿಜಾಮರ ಕಡೆಯ ರಜಾಕಾರರು ಬಂದರಂತೆ, ಇಂಥವರ ಮನೆ ಸುಟ್ಟರಂತೆ. ಗೌರವ್ವನನ್ನು ಹೊಳೆಯಾಚೆ ಹಿಂದೂಸ್ತಾನದ ಸೀಮೆಯಲ್ಲಿದ್ದ ಆಕೆಯ ಅಣ್ಣನ ಮನೆಗೆ ಕಳಿಸುವುದೆಂದು ನಾನು ತೀರ್ಮಾನಿಸಿದೆ. ನೌಕರಿಯ ಕಾರಣಕ್ಕೆ ನಾನು ಉಳಿಯುವುದೆಂದೂ ತೀರ್ಮಾನಿಸಿದೆ. ಆಕೆಯನ್ನು ಕೇಳುವುದೊಂದು ಉಳಿದಿತ್ತು, ಅದು ಉಳಿದೇ ಹೋಯಿತು.

ಬಂಡಿ ಹತ್ತುವಾಗ ಆಕೆ ಹೇಳಿದ್ದು ಇಷ್ಟು: "ರಜಾಕಾರರಿಗಿ ನಾ ಅಂಜಿಲ್ರಿ. ನಿಮ್ಮ ಚಿಂತಿಗಿ ಅಂಜಿ ಹೊಂಟೇನಿ. ಕಳಸೂದು ನಿಮ್ಮ ಕೈಯಾಗಿತ್ತು, ಕಳಸಿದ್ರಿ. ಬರೂದು ನನ್ನ ಕೈಯಾಗದ."

ಆಮೇಲೆ ರೊಟ್ಟಿ ಬಡಿಯುವ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ನಾಲ್ಕು ದಿನಕ್ಕೆ ಹೋಗುವ ಹೆಂಗಸು ಸೀರೆ ಒಯ್ಯುತ್ತಾಳೆ, ಹಲಗೆ ಒಯ್ಯುವುದಿಲ್ಲ.

ಆಕೆ ಬಿಟ್ಟುಹೋದದ್ದು ಗೋಡೆಯ ಗೂಡಿನಲ್ಲಿದ್ದ ಒಂದು ಅತ್ತರಿನ ಸೀಸೆ. ಹೆಬ್ಬೆರಳಿನಷ್ಟು ಉದ್ದ, ಒಳಗೆ ಬಕುಳದ ಅತ್ತರು. ಹಿಂದಿನ ದೀಪಾವಳಿಗೆ ನಾನೇ ತಂದುಕೊಟ್ಟದ್ದು. "ಮುದುಕ್ಯಾಗಾಕತ್ತೇನಿ, ನನಗ್ಯಾಕ್ರಿ ಅತ್ತರ?" ಎಂದು ಗದರಿ, ಮರುದಿನ ಕಿವಿಯ ಹಿಂದೆ ಒಂದು ಚುಕ್ಕೆ ಇಟ್ಟುಕೊಂಡಿದ್ದಳು. ಹೊಳೆಯ ಈಚೆ ದಡದ ಮಣ್ಣೂರಿನಲ್ಲಿ, ಆಕೆಯ ತವರುಮನೆಯ ಮುಂದೆ ಬಕುಳದ ಮರವಿದೆ. ಚಿಕ್ಕಂದಿನಲ್ಲಿ ಮುಂಜಾನೆ ಎದ್ದು, ಉದುರಿದ ಹೂ ಆರಿಸಿ, ಜೋಳದ ದಂಟಿನ ಸಿಬಿರಿನಿಂದ ಪೋಣಿಸುತ್ತಿದ್ದಳಂತೆ.

ಬಕುಳದ ವಿಷಯದಲ್ಲಿ ಹಳೆಯ ಸಂಸ್ಕೃತ ಕವಿಗಳದೊಂದು ಕಟ್ಟಳೆಯಿದೆ. ಸುಂದರಿಯೊಬ್ಬಳು ಬಾಯಿತುಂಬ ಮದ್ಯ ತುಂಬಿಕೊಂಡು ಬುಡಕ್ಕೆ ಉಗುಳಿದರೆ ಮಾತ್ರ ಅದು ಅರಳುತ್ತದಂತೆ. ಇದನ್ನು ಒಮ್ಮೆ ನಾನು ಬಹಳ ರಸಿಕನಂತೆ ಗೌರವ್ವನಿಗೆ ಹೇಳಿದೆ. "ನಮ್ಮ ಗಿಡದ ಬುಡಕ ನಮ್ಮಜ್ಜಿ ಎಲಿ ಅಡಕಿ ಉಗಳತಿದ್ಲು. ಅಷ್ಟಕ್ಕ ಹೂ ಬಿಡತಿತ್ರಿ" ಎಂದಳು. ಅಂದಿನಿಂದ ನಾನು ಮನೆಗೆ ಸಂಸ್ಕೃತ ತರುವುದನ್ನು ಬಿಟ್ಟಿದ್ದೇನೆ.

ಆ ಅತ್ತರು ಸೀಸೆಯಲ್ಲಿದ್ದಾಗ ಏನೂ ಅಲ್ಲ. ಬಿರಡೆ ತೆಗೆದರೆ ಹಸಿ ದಂಟು ಮುರಿದಂಥ, ದೀಪದೆಣ್ಣೆ ಚೆಲ್ಲಿದಂಥ ಒಂದು ಒರಟು ವಾಸನೆ ಮೂಗಿಗೆ ಬಡಿಯುತ್ತದೆ. ಅದರ ಆಟ ನಡೆಯುವುದು ಮೈಮೇಲೆ. ಗೌರವ್ವ ಅದನ್ನು ಹಚ್ಚಿಕೊಂಡು ಒಲೆಯ ಮುಂದೆ ಕೂತರೆ, ಮೊದಲ ರೊಟ್ಟಿಯ ಹೊತ್ತಿಗೆ ಒರಟುತನ ಹೋಗಿ ಹೂವಿನ ಹುಡಿಯ ವಾಸನೆ ಬರುತ್ತಿತ್ತು. ಮೂರನೆಯ ರೊಟ್ಟಿಗೆ ಜೇನು. ಬಟ್ಟಲಲ್ಲಿ ಸುರಿದ ಜೇನಲ್ಲ. ಬಿಸಿಲಿಗೆ ಕೂತ ಜೇನುಹುಟ್ಟಿನದು, ಮೇಣ ಬೆರೆತು ತುಸು ಮಬ್ಬಾದದ್ದು. ಊಟ ಮುಗಿಸಿ ನಾನು ಪಡಸಾಲೆಗೆ ಬರುವಷ್ಟರಲ್ಲಿ ಜೇನು ಇಳಿದು ಅಡಿಯ ಶ್ರೀಗಂಧ ಮೇಲೆ ಬಂದಿರುತ್ತಿತ್ತು. ಹೀಗೆ ನಮ್ಮ ಮನೆಯಲ್ಲಿ ಊಟದ ಹೊತ್ತನ್ನು ಮೂಗಿನಿಂದ ತಿಳಿಯುವ ಒಂದು ಪದ್ಧತಿ ಬೆಳೆದಿತ್ತು.

ಆಕೆ ಹೋದ ಹತ್ತನೆಯ ದಿನಕ್ಕೆ ನಾನು ಸೀಸೆ ತೆಗೆದೆ. ಹೊಳೆಯಾಚೆಗೆ ಟಪಾಲು ಸರಿಯಾಗಿ ಹೋಗುತ್ತಿರಲಿಲ್ಲ. ಹೋದರೂ ಏನು ಬರೆಯುವುದು? ಮನೆಯಲ್ಲಿ ಈಗ ಸುಟ್ಟ ಜೋಳದ ಅಂಬಲಿಯ ವಾಸನೆಯೊಂದೇ ಇದೆ ಎಂದು ಬರೆದರೆ, ಆಕೆಗೆ ಅಕ್ಷರ ತಲುಪುತ್ತದೆ, ವಾಸನೆ ತಲುಪುವುದಿಲ್ಲ. ಅದಕ್ಕೆ ಕಡ್ಡಿಗೆ ಹತ್ತಿ ಸುತ್ತಿ ಮಣಿಕಟ್ಟಿಗೆ ಒಂದಿಷ್ಟು ಹಚ್ಚಿಕೊಂಡೆ. ಜೇನು ಬರಲೆಂದು ಕಾದೆ. ಬಂದದ್ದು ಮಳೆಗಾಲದಲ್ಲಿ ನೀರಾಡಿದ ಬೆಲ್ಲದ ವಾಸನೆ. ಇಪ್ಪತ್ತೆರಡು ವರ್ಷ ಒಂದೇ ಹಂಚಿನ ರೊಟ್ಟಿ ತಿಂದ ಇಬ್ಬರ ಚರ್ಮದಲ್ಲಿ ಇಷ್ಟು ಅಂತರವೇ? ಈ ಹೊಸ ಚಿಂತೆಯನ್ನು ಹೊತ್ತುಕೊಂಡು ಹುಸೇನಸಾಬರ ಅಂಗಡಿಗೆ ಹೋದೆ.

ಹುಸೇನಸಾಬರು ನಮ್ಮ ಊರಿನ ಅತ್ತರಿನವರು. ಜೇವರ್ಗಿಯ ಸಂತೆಯವರೆಗೂ ಪೆಟ್ಟಿಗೆ ಹೊತ್ತು ತಿರುಗಿದ ಕಾಲುಗಳು ಸೋತು, ಬಜಾರಿನಲ್ಲಿ ಒಂದು ಗೂಡಂಗಡಿ ಹಿಡಿದು ಕೂತಿದ್ದರು. ನನ್ನ ಕೈ ಹಿಡಿದು ಮೂಸಿದರು, ಮುಖ ಕಿವಿಚಿದರು.

"ಹಚಗೊಂಡ ಮ್ಯಾಲ ತಿಕ್ಕತೀರೇನು ಮಾಸ್ತರ್?"

ಹೌದು, ತಿಕ್ಕುತ್ತಿದ್ದೆ. ಎರಡೂ ಮಣಿಕಟ್ಟು ಸೇರಿಸಿ, ಹತ್ತಿತೋ ಇಲ್ಲವೋ ಎಂಬ ಅನುಮಾನಕ್ಕೆ ಮತ್ತೆ ಮತ್ತೆ.

"ತಿಕ್ಕಬ್ಯಾಡ್ರಿ! ಖುದಾನ ಆಣಿ, ತಿಕ್ಕಬ್ಯಾಡ್ರಿ. ಹೂವಿನ ಕುತ್ತಿಗಿ ಹಿಚುಕಿದಂಗ ಆಗ್ತದ. ಹಚ್ಚೂದು, ಕೈ ಬಿಟ್ಟು ಕೂಡೂದು. ಸಬರ್ ಬೇಕ್ರಿ, ತಾಳ್ಮಿ ಬೇಕು. ಇದ್ರಾಗ ಮೂರ ಮಂದಿ ಇರ್ತಾರ ನೋಡ್ರಿ. ಮೊದಲ ಬರಾವ ದಲಾಲ, ಬರೇ ಗದ್ದಲ. ಆಮ್ಯಾಲ ಹೂವು ತಾನೇ ಬರ್ತದ. ಕಡೀಕ ಹೂವೂ ಹೋಗಿ, ಹಚಗೊಂಡ ಮನಷ್ಯಾ ಉಳೀತಾನ."

ತಿಳಿಯಿತು ಎಂದು ತಲೆಯಾಡಿಸಿ ಮನೆಗೆ ಬಂದು ಮತ್ತೆ ತಿಕ್ಕಿದೆ. ಕೈ ಬಿಟ್ಟು ಕೂಡುವುದನ್ನು ನಲವತ್ತೇಳನೆಯ ವಯಸ್ಸಿನಲ್ಲಿ ಕಲಿಯುವುದು ಸುಲಭವಲ್ಲ.

ಆ ಬೇಸಿಗೆಯುದ್ದಕ್ಕೂ ಸಂಜೆ ಅಂಗಡಿ ಮುಚ್ಚಿದ ಮೇಲೆ ಹುಸೇನಸಾಬರು ನನ್ನ ಮನೆಯ ಬಾಗಿಲತನಕ ಬರುತ್ತಿದ್ದರು. "ನನ್ನ ಗಡ್ಡ ನೋಡಿ ಯಾರೂ ನಿಮಗ ಏನೂ ಅನ್ನಂಗಿಲ್ಲ, ನಡೀರಿ" ಎನ್ನುತ್ತಿದ್ದರು. ದಾರಿಯಲ್ಲಿ ಅತ್ತರಿನ ಮಾತು ಬಿಟ್ಟು ಬೇರೆ ಮಾತಿಲ್ಲ. ಬಾಗಿಲಲ್ಲಿ ನನ್ನ ಕೈ ಮೂಸಿ "ಇವತ್ತೂ ಬೆಲ್ಲ" ಎಂದು ಹೇಳಿ ಹೋಗುವರು. ದಿನಕ್ಕೆ ಒಬ್ಬ ಮನುಷ್ಯ ನನ್ನ ಬಳಿ ಮಾತಾಡಿದನೆಂದರೆ ಅದು ಅವರೇ.

ಭಾದ್ರಪದದಲ್ಲಿ ಹಿಂದೂಸ್ತಾನದ ಫೌಜು ಬಂತು, ನಿಜಾಮರ ಆಳಿಕೆ ನಾಲ್ಕಾರು ದಿನಕ್ಕೆ ಮುಗಿಯಿತು. ನನ್ನಂಥವರು ಹೊರಗೆ ಬಂದು ಉಸಿರು ಬಿಟ್ಟೆವು. ಹುಸೇನಸಾಬರಂಥವರು ಒಳಗೆ ಹೋಗಿ ಉಸಿರು ಹಿಡಿದರು. ಈಗ ಸುತ್ತಲಿನ ಹಳ್ಳಿಗಳಿಂದ ಬರುವ ಸುದ್ದಿಯಲ್ಲಿ ಸುಡುವವರೂ ಸುಟ್ಟುಹೋಗುವವರೂ ಜಾಗ ಬದಲಿಸಿದ್ದರು. ಗೌರವ್ವನನ್ನು ಯಾವ ಹೊಳೆಯಿಂದ, ಯಾವ ಬಂಡಿಯಲ್ಲಿ ಕರೆಸುವುದೆಂದು ನಾನು ಮನೆಯೊಳಗೆ ಕೂತು ಕಾಗದದ ಮೇಲೆ ಗೆರೆ ಎಳೆಯುತ್ತಿದ್ದ ವಾರದಲ್ಲೇ, ಅವರು ಅಂಗಡಿಗೆ ಬೀಗ ಹಾಕಿ ಗುಲ್ಬರ್ಗದ ಮಗಳ ಮನೆಗೆ ಹೋದರಂತೆ. ಅವರ ಜೊತೆ ಮೋಟಾರಿನತನಕ ಯಾರು ನಡೆದರೋ ನನಗೆ ಗೊತ್ತಿಲ್ಲ. ನಾನಂತೂ ನಡೆಯಲಿಲ್ಲ. ಎತ್ತಿನ ಹಟಕ್ಕೂ ಜಾಗವಿದ್ದ ನನ್ನ ಚಿಂತೆಯ ಪಟ್ಟಿಯಲ್ಲಿ ಅವರ ಹೆಸರೇ ಇರಲಿಲ್ಲ.

ಕಾರ್ತಿಕದಲ್ಲಿ ಗೌರವ್ವನ ಕಾರ್ಡು ಬಂತು: "ಗುರುವಾರದ ಮೋಟಾರಿಗೆ ಬರುತ್ತೇನೆ." ಅಷ್ಟೇ. ಇರಲಿಕ್ಕೋ, ಪಾತ್ರೆ ಒಯ್ಯಲಿಕ್ಕೋ, ಬರೆದಿರಲಿಲ್ಲ. ಕಾರ್ಡಿನಲ್ಲಿ ಜಾಗ ಬೇಕಾದಷ್ಟಿತ್ತು. ಸಿಟ್ಟು ಇನ್ನೂ ಇದ್ದರೆ ಮಾತಿನಿಂದ ಇಳಿಸುವುದು ನನ್ನಿಂದಾಗದ ಕೆಲಸ, ಮಾತಿನಿಂದಲೇ ಏರಿಸಿದ್ದು. ಆದ್ದರಿಂದ ಆಕೆ ಬಂದ ಕೂಡಲೇ ತವರಿನ ಬಕುಳ ಆಕೆಯ ಮೂಗಿಗೆ ಸಿಗಬೇಕು, ಉಳಿದದ್ದನ್ನು ಅದೇ ಮಾತಾಡಬೇಕು ಎಂದು ಯೋಚಿಸಿದೆ. ಸೀಸೆಯಲ್ಲಿ ಒಂದೇ ಸಲಕ್ಕಾಗುವಷ್ಟು ಉಳಿದಿತ್ತು. ಒಂಬತ್ತು ತಿಂಗಳು ಅದು ಆರಿಹೋಯಿತೇನೋ ಎಂದು ದಿನಕ್ಕೊಮ್ಮೆ ಬಿರಡೆ ತೆಗೆದು, ಕಡ್ಡಿ ಅದ್ದಿ ನೋಡಿದ್ದರಿಂದ ಉಳಿದದ್ದು ಅಷ್ಟು.

ಲೆಕ್ಕದ ಮಾಸ್ತರನಲ್ಲವೇ, ಲೆಕ್ಕ ಹಾಕಿದೆ. ಮೋಟಾರು ಬರುವುದು ಮೂರಕ್ಕೆ. ಮನೆ ಸೇರಲು ಕಾಲು ತಾಸು. ಒಲೆಯ ಬಿಸಿಯಿಲ್ಲದೆ ಜೇನಾಗಲು ಒಂದು ತಾಸು. ಹಾಗಾದರೆ ಎರಡೂಕಾಲು ಗಂಟೆಗೆ ಹಚ್ಚಬೇಕು. ಹಚ್ಚಿದೆ. ಆ ದಿನ ತಿಕ್ಕಲಿಲ್ಲ. ಸಬರ್ ಬಂದಿತ್ತೆಂದಲ್ಲ, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹೊಟ್ಟೆ ತೊಳಸಿದರೆ ಇರಲೆಂದು ನಿಂಬೆಹಣ್ಣು.

ಮೂರಕ್ಕೆ ಮೋಟಾರು ಬರಲಿಲ್ಲ. ಮೋಟಾರಿನ ಅಡ್ಡೆಯಲ್ಲಿ ಟಿಕೀಟಿನ ಏಜಂಟನೊಬ್ಬ, ಕಾಗದ ಮೇಯುವ ಎರಡು ಆಡು, ನಾನು.

"ಎಷ್ಟಕ್ಕ ಬರ್ತದಪಾ?"

"ಬಂದಾಗ ಬರ್ತದ್ರಿ ಮಾಸ್ತರ. ಅದೇನು ಘಳಿಗಿಗೊಮ್ಮೆ ಕೈ ಮೂಸಾಕತ್ತೀರಿ? ಮಂದಿ ಕೈಯಾಗ ಗಡಿಯಾರ ನೋಡ್ತಾರ, ನೀವು ಮೂಸಿ ನೋಡ್ತೀರಲ್ಲ!"

ಮೂರೂಕಾಲಿಗೆ ಸರಿಯಾಗಿ ಅದು ಜೇನಾಯಿತು. ಒಂಬತ್ತು ತಿಂಗಳಲ್ಲಿ ಮೊದಲ ಸಲ, ನನ್ನ ಒಣ ಚರ್ಮದ ಮೇಲೆ, ಬೆಲ್ಲವಾಗದೆ. ಬಿಸಿಲಿಗೆ ಕೂತ ಹುಟ್ಟು, ಮೇಣ, ಮೂರನೆಯ ರೊಟ್ಟಿ, ಎಲ್ಲವೂ ಇತ್ತು. ನಾನು ತಲೆಯೆತ್ತಿ ಸುತ್ತ ನೋಡಿದೆ. ಯಾರಿಗೆ ಹೇಳುವುದು? ಹೇಳಬೇಕಾದ ಒಬ್ಬಾಕೆ ದಾರಿಯಲ್ಲಿದ್ದಳು, ಹೇಳಿದರೆ ತಿಳಿಯುವ ಒಬ್ಬರು ಗುಲ್ಬರ್ಗದಲ್ಲಿದ್ದರು. ಏಜಂಟನ ಕಡೆ ಕೈ ಚಾಚಿದೆನಾದರೂ, ಆತ ನಿಂಬೆಹಣ್ಣು ಕೊಡುತ್ತಿದ್ದೇನೆಂದು ತಿಳಿದು ಅದನ್ನು ತೆಗೆದುಕೊಂಡ.

ನಾಲ್ಕೂವರೆಗೆ ಜೇನು ಇಳಿಯಿತು. ಗಂಧ ಮೇಲೆ ಬಂತು. ಐದೂವರೆಗೆ ಧೂಳಿನ ಮೋಡವೊಂದು ಬಂದು ನಿಂತಿತು, ಅದರೊಳಗೆ ಮೋಟಾರಿತ್ತು. ಮೊದಲು ನನ್ನ ಕಣ್ಣು ಹೋದದ್ದು ಮೇಲಿನ ಸಾಮಾನಿನ ಟಪ್ಪಿಗೆ. ಕ್ಲೀನರ್ ಒಂದು ಚೀಲ ಇಳಿಸಿದ, ಒಂದು ಗಂಟು ಇಳಿಸಿದ. ಆಮೇಲೆ "ಇದು ಯಾರದವ್ವ?" ಎಂದು ಕೂಗಿ ಹಲಗೆ ಇಳಿಸಿದ. ನಡುವೆ ಸವೆದು ತಗ್ಗಾದ, ನಮ್ಮ ಹಲಗೆ. ನಾನು ಅದನ್ನು ಎರಡೂ ಕೈಯಿಂದ ಎದೆಗೊತ್ತಿ ಹಿಡಿದುಕೊಂಡೆ. ಗೌರವ್ವ ಇಳಿದು, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಸೊರಗೀರಿ" ಎಂದಳು. ನಾಲ್ಕು ಜನರೆದುರು ಗಂಡ ಹೆಂಡತಿಗೆ ಕೈ ಮೂಸೆನ್ನುವ ಊರಲ್ಲ ನಮ್ಮದು. ಮನೆಯ ಕಡೆ ನಡೆದೆವು.

ಬಜಾರಿನಲ್ಲಿ ಆಕೆ ನಿಂತಳು. "ಹುಸೇನಸಾಬರ ಅಂಗಡಿ ಯಾಕ್ ಮುಚ್ಚ್ಯಾದ್ರಿ?"

ಅವರು ದಿನಾ ಮನೆತನಕ ಬರುತ್ತಿದ್ದುದನ್ನೂ, ಗುಲ್ಬರ್ಗಕ್ಕೆ ಹೋದದ್ದನ್ನೂ ಹೇಳಿದೆ.

"ಕಾರ್ಡ್ ಬರದೀರೇನು?"

"ಇಲ್ಲ."

"ಊರ ಹೊಳಿ, ಊರ ಬಂಡಿ, ಎಲ್ಲಾದ್ರ ಚಿಂತಿ ಮಾಡ್ತೀರಿ. ದಿನಾ ಮನಿತನಕ ಬಿಟ್ಟುಹೋದಾಂವಗ ಒಂದ ಕಾರ್ಡ್ ಬರಿಯಾಕ ಆಗ್ಲಿಲ್ಲ?"

ಮರುದಿನವೇ ಬರೆದೆ: "ತಿಕ್ಕಲಿಲ್ಲ, ಜೇನಾಯಿತು. ಅಂಗಡಿಯ ಬೀಗ ಹಾಗೇ ಇದೆ. ಬರುವುದಾದರೆ ತಿಳಿಸಿರಿ, ಅಡ್ಡೆಯಲ್ಲಿ ನಿಂತಿರುತ್ತೇನೆ." ಉತ್ತರ ಇನ್ನೂ ಬಂದಿಲ್ಲ. ಈಗ ನನ್ನ ಪಟ್ಟಿಯಲ್ಲಿ ಅದೇ ಮೊದಲನೆಯದು.

ಮನೆಗೆ ಬಂದು ಹಲಗೆಯನ್ನು ಒಲೆಯ ಪಕ್ಕ ಅದರ ಜಾಗದಲ್ಲಿ ಆಕೆಯೇ ಇಟ್ಟಳು. ದೀಪ ಹಚ್ಚಿದಳು. ಆಗ ಧೈರ್ಯ ಮಾಡಿ ಕೈ ಮುಂದೆ ಚಾಚಿದೆ. ಗಂಧದ ಅಡಿಯಲ್ಲಿ ಇನ್ನೂ ಒಂದೆಳೆ ಜೇನಿತ್ತು, ನನ್ನ ಮೂಗು ಅದಕ್ಕೆ ಸಾಕ್ಷಿ. ಗೌರವ್ವ ಮಣಿಕಟ್ಟು ಹಿಡಿದು, ಬಾಗಿ, ಕಣ್ಣು ಮುಚ್ಚಿ ಮೂಸಿದಳು. ಬಹಳ ಹೊತ್ತು ಮೂಸಿದಳು.

"ಏನ್ ಬಂತು?" ಎಂದೆ.

"ಏನೂ ಬರವಲ್ದು. ನಾಡಿ ಮಾತ್ರ ಕುದರಿಗತೆ ಓಡಾಕತ್ತದ. ಮತ್ತೇನ್ ಚಿಂತಿರಿ?" ಎಂದು ಕೇಳಿ, ಸೆರಗಿನಿಂದ ಮೂಗು ಒರೆಸಿಕೊಂಡಳು.

ಹೊಳೆ ಮುಳುಗಿಸಲಿಲ್ಲ, ಗಾಲಿ ಕಳಚಲಿಲ್ಲ, ಎತ್ತುಗಳು ಬಂಗಾರದಂಥವು, ಕಿಡಕಿಯ ಪಕ್ಕವೇ ಜಾಗ ಸಿಕ್ಕಿತ್ತು, ಹಲಗೆ ತಿರುಗಿ ಬಂದಿತ್ತು. ಆಕೆ ಹೊಳೆ ದಾಟಿದ ನಸುಕಿನಲ್ಲಿ ಭೀಮೆಯ ಮೇಲೆ ಮಂಜು ಬಿದ್ದಿತ್ತಂತೆ. ಆಕೆಗೆ ನೆಗಡಿಯಾಗಿತ್ತು.