ಡೋಬ್ರಿನ್ ಬೇಯಿಸಿದ ಐದನೆಯ ಬ್ರೆಡ್ಡು

ನಾಲ್ಕನೆಯ ಬ್ರೆಡ್ಡು ಒಂಬೈನೂರು ಗ್ರಾಂ ತೂಗುತ್ತಿತ್ತು. ಎತ್ತರ ಮಾತ್ರ ಮೂರು ಸೆಂಟಿಮೀಟರು. ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಮೇಲಿನ ಮನೆಯ ಡೋಬ್ರಿನ್ ಶುಕ್ರವಾರ ಸಂಜೆ ನನ್ನ ಬಾಗಿಲಲ್ಲಿ ನಿಂತಿದ್ದ.

"ಅಕ್ಕಾ, ನೀವು ಔಷಧಿ ಅಂಗಡಿಯವರು. ಇದು ಯಾಕೆ ಸತ್ತೋಯ್ತು ಅಂತ ಹೇಳಿ."

ಹೆಂಡತಿ ಸೆವ್ದಾ ತೀರಿಕೊಂಡ ಈ ಹನ್ನೊಂದು ತಿಂಗಳಲ್ಲಿ ಅವನು ಯಾರನ್ನೂ ಏನನ್ನೂ ಕೇಳಿರಲಿಲ್ಲ. ನಮ್ಮ ಊರು ಗಾಬ್ರೊವೊದ ಹಳೆಯ ಕಟ್ಟಡಗಳ ಲಿಫ್ಟು ರಿಪೇರಿ ಅವನ ಕೆಲಸ. ಹದಿಮೂರು ತಿಂಗಳ ಮಗಳು ಇಸ್ಕ್ರಾಳನ್ನು ಬೆಳಿಗ್ಗೆ ಶಿಶುವಿಹಾರಕ್ಕೆ ಬಿಟ್ಟು ಸಂಜೆ ಐದೂವರೆಗೆ ಕರೆತರುತ್ತಿದ್ದ. ಮೆಟ್ಟಿಲಲ್ಲಿ ಸಿಕ್ಕಾಗ ಏನಾದರೂ ಬೇಕೇ ಎಂದು ಕೇಳಿದರೆ, ಎಲ್ಲಾ ಇದೆ ಎನ್ನುತ್ತಿದ್ದ.

ಹತ್ತು ದಿನದ ಹಿಂದೆ ಇಸ್ಕ್ರಾ ಮೊದಲ ಹೆಜ್ಜೆ ಇಟ್ಟಿದ್ದಳು. ನಮ್ಮಲ್ಲಿ ಆಗ ದುಂಡನೆಯ ಬ್ರೆಡ್ಡು ಮಾಡಿ, ನೆಲದ ಮೇಲೆ ಉರುಳಿಸಿ, ಅದರ ಹಿಂದೆ ಮಗುವನ್ನು ನಡೆಸಬೇಕು. ತಡಮಾಡಿದರೆ ಮಗು ಬಾಳೆಲ್ಲ ಎಡವುತ್ತದೆ ಎನ್ನುತ್ತಾರೆ. ಬ್ರೆಡ್ಡು ತಾಯಿಯ ಕೈಯದಾಗಬೇಕು, ಇಲ್ಲವೇ ಅಜ್ಜಿಯದು. ರೂಸೆ ಪಟ್ಟಣದಲ್ಲಿರುವ ಅವನ ಅತ್ತೆ, ಸೆವ್ದಾಳ ತಾಯಿ ಪೆನ್ಕಾ, ಭಾನುವಾರ ತಾನೇ ಬಂದು ಬೇಯಿಸುವುದಾಗಿಯೂ ಸಂಜೆಯ ಬಸ್ಸಿಗೆ ಮಗುವನ್ನು ಕರೆದೊಯ್ಯುವುದಾಗಿಯೂ ಫೋನಿನಲ್ಲಿ ಹೇಳಿದ್ದರು. ಗಂಡಸೊಬ್ಬನೇ ಎಷ್ಟು ದಿನ ಸಂಭಾಳಿಸುತ್ತಾನೆ ಎಂಬುದು ಅವರ ಪ್ರಶ್ನೆ. ಅವರು ಬರುವ ಮೊದಲೇ ಬ್ರೆಡ್ಡು ಮೇಜಿನ ಮೇಲಿರಬೇಕು ಎಂಬುದು ಇವನ ಹಟ.

ನಾನು ಒಂದೊಂದೇ ಹಂತ ಕೇಳಿದೆ. ಹಿಟ್ಟು ಸರಿ, ಒಲೆಯ ಬಿಸಿಯೂ ಸರಿ. ಯೀಸ್ಟನ್ನು ಯಾವ ನೀರಿಗೆ ಹಾಕಿದೆ ಎಂದಾಗ ತಪ್ಪು ಸಿಕ್ಕಿತು.

"ಆಗತಾನೇ ಕುದಿಸಿದ್ದಕ್ಕೆ. ಕುದಿಸ್ದೇ ಹೆಂಗಕ್ಕಾ ಕೊಡೋದು?"

ಒಂದು ವರ್ಷದಿಂದ ಬಾಟಲಿ, ಚಮಚ, ನೀರು ಎಲ್ಲವನ್ನೂ ಕುದಿಸಿದ ಕೈ ಯೀಸ್ಟಿಗೂ ಅದೇ ಉಪಚಾರ ಮಾಡಿತ್ತು. ಯೀಸ್ಟಿಗೆ ಜೀವವಿದೆ, ಅಷ್ಟು ಬಿಸಿಗೆ ಅದು ಸಾಯುತ್ತದೆ ಎಂದು ವಿವರಿಸಿ, ಥರ್ಮಾಮೀಟರು ಕೊಟ್ಟು, ಮೂವತ್ತೇಳು ಡಿಗ್ರಿ ಎಂದೆ. ಮಗುವಿನ ಮೈಯಷ್ಟು ಬಿಸಿ ಅನ್ನಿ ಎಂದ. ಅಷ್ಟೇ ಎಂದೆ.

ಭಾನುವಾರ ನನ್ನನ್ನೂ ಕರೆದಿದ್ದ. ಹನ್ನೊಂದಕ್ಕೆ ಪೆನ್ಕಾ ಬಂದರು, ಮಗುವಿನ ಬಟ್ಟೆಗೆಂದು ಖಾಲಿ ಸೂಟ್‌ಕೇಸು ಹಿಡಿದುಕೊಂಡು. ಮೇಜಿನ ಮೇಲೆ ಬ್ರೆಡ್ಡು ಹನ್ನೊಂದು ಸೆಂಟಿಮೀಟರು ಎದ್ದಿತ್ತು, ಅಳೆದವಳು ನಾನೇ. ಅವರು ಅದನ್ನು ಬೆರಳಿನಿಂದ ತಟ್ಟಿ ನೋಡಿದರು.

ಡೋಬ್ರಿನ್ ಬ್ರೆಡ್ಡು ಉರುಳಿಸಿದ. ಅದು ಸೋಫಾದ ಕಾಲಿಗೆ ಬಡಿದು ಮಗುಚಿತು. ಇಸ್ಕ್ರಾ ಏಳು ಹೆಜ್ಜೆ ನಡೆದು, ಧೊಪ್ಪನೆ ಕೂತು, ಮತ್ತೆ ಎದ್ದು ಸಣ್ಣ ಮೇಜನ್ನು ತಲುಪಿದಳು. ಅಲ್ಲಿ ಕತ್ತರಿ, ಪೆನ್ಸಿಲು, ಸ್ಪ್ಯಾನರು ಇದ್ದವು. ಮಗು ಎತ್ತಿಕೊಂಡದ್ದೇ ಮುಂದೆ ಅದರ ಕಸುಬು ಎಂಬುದು ಇದೇ ಶಾಸ್ತ್ರದ ನಂಬಿಕೆ. ಅವಳು ಸ್ಪ್ಯಾನರು ಹಿಡಿದಳು. ಮನೆಗೆ ಇನ್ನೊಬ್ಬ ಲಿಫ್ಟಿನವಳು ಎಂದು ಪೆನ್ಕಾ ಗೊಣಗಿ, ಬ್ರೆಡ್ಡು ಮುರಿದು ಎಲ್ಲರಿಗೂ ಹಂಚಿದರು. ತಮ್ಮ ತುಂಡನ್ನು ಬಾಯಿಗಿಟ್ಟವರು ಅಗಿಯುವುದನ್ನು ನಿಲ್ಲಿಸಿದರು.

"ಗಾಬ್ರೊವೊದೋರು ಉಪ್ಪಲ್ಲೂ ಜುಗ್ಗತನ ಮಾಡ್ತೀರೇನಪ್ಪಾ?"

ನಮ್ಮೂರಿನವರ ಜಿಪುಣತನ ದೇಶಕ್ಕೆಲ್ಲ ನಗೆಮಾತು. ಡೋಬ್ರಿನ್ ಪೆಚ್ಚಾದ. "ವರ್ಷ ತುಂಬೋವರ್ಗೂ ಉಪ್ಪು ಬೇಡ ಅಂದಿದ್ರು ಡಾಕ್ಟ್ರು. ಹಾಕ್ದೇ ಇರೋದೇ ಅಭ್ಯಾಸ ಆಗೋಗಿದೆ ಅತ್ತೆ."

"ನಿನ್ ಊಟಕ್ಕೆ?"

"ಇಬ್ರಿಗೆ ಎರಡೆರಡು ಅಡುಗೆ ಯಾಕೆ? ನಾನೂ ಅದನ್ನೇ ತಿಂತೀನಿ."

ಪೆನ್ಕಾ ಕೈಯಲ್ಲಿದ್ದ ತುಂಡನ್ನು ಮೇಜಿನ ಮೇಲಿಟ್ಟರು. ಆಮೇಲೆ ಎದ್ದುಹೋಗಿ ಕಪಾಟಿನ ಮೂಲೆಯಿಂದ ಗಟ್ಟಿಕಟ್ಟಿದ ಉಪ್ಪಿನ ಪೊಟ್ಟಣ ಹುಡುಕಿ ತಂದು, ಪುಡಿಮಾಡಿ, ಅಳಿಯನ ತುಂಡಿನ ಮೇಲೆ ಒಂದು ಚಿಟಿಕೆ ಉದುರಿಸಿದರು.

"ತಿನ್ನು. ಇನ್ಮೇಲೆ ಅವಳದ್ದು ಮೊದ್ಲು ತೆಗೆದಿಟ್ಬಿಟ್ಟು, ನಿಂದಕ್ಕೆ ಉಪ್ಪು ಹಾಕ್ಕೋ."

ನಾಲ್ಕು ಗಂಟೆಗೆ ಅವನು ಮಗುವಿನ ಬಟ್ಟೆ ಮಡಚಲು ಎದ್ದಾಗ, ಬಟ್ಟೆ ಕಪಾಟಿನಲ್ಲೇ ಇರಲಿ ಎಂದು ಪೆನ್ಕಾ ಅವನನ್ನು ಕೂರಿಸಿದರು. ಉಳಿದ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿ ಸೂಟ್‌ಕೇಸಿನಲ್ಲಿಟ್ಟು ಮುಚ್ಚಳ ಹಾಕಿದರು. ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ನಾನೂರು ಗ್ರಾಂ ಬ್ರೆಡ್ಡು. ಎತ್ತಿದಾಗ ಅತ್ತಿತ್ತ ಹೊರಳುವ ಸದ್ದು ಕೇಳಿಸಿತು.

ಡೋಬ್ರಿನ್ ನನ್ನ ಕಡೆ ತಿರುಗಿದ. "ಅಕ್ಕಾ, ಅತ್ತೇನ ಬಸ್ಸು ಹತ್ತಿಸಿ ಬರ್ತೀನಿ. ಅಲ್ಲೀವರ್ಗೂ ಇವಳನ್ನ ನೋಡ್ಕೋತೀರಾ?"

ಮೂರು ದಿನದಲ್ಲಿ ಅವನು ಕೇಳಿದ ಎರಡನೆಯ ಸಹಾಯ ಅದು. ಇಸ್ಕ್ರಾ ಸ್ಪ್ಯಾನರು ಬಿಡದೆಯೇ ನನ್ನ ತೊಡೆ ಹತ್ತಿದಳು.