ಕೈ ಎತ್ತಿಸುವ ರಾಚಪ್ಪ

ಹುಕ್ಕೇರಿಯ ಬಜಾರಿನಲ್ಲಿ ಯಾರಾದರೂ ಎರಡೂ ಕೈ ಮೇಲೆತ್ತಿ ನಿಂತದ್ದು ಕಂಡರೆ ಗಾಬರಿಯಾಗಬೇಡಿ. ಅದು ಟೇಲರ್ ರಾಚಪ್ಪನ ಅಂಗಡಿ. ಹೊಸ ಅಂಗಿಯನ್ನು ಅಲ್ಲೇ ತೊಟ್ಟು, ಕೈ ಎತ್ತಿ ತೋರಿಸದೆ ಯಾವ ಗಿರಾಕಿಯೂ ಹೊರಗೆ ಹೋಗುವಂತಿಲ್ಲ. “ಎತ್ರಿ ಸಾಹುಕಾರ್ರ, ಇನ್ನೂ ಮ್ಯಾಲ. ಕಂಕುಳಾಗ ಹಿಡೀತೈತೇನ್ರಿ?” ಇಲ್ಲವೆಂದರೆ ನಂಬುವವನಲ್ಲ ಅವನು. “ಸಂಕೋಚ ಮಾಡಿ ಹೇಳವಲ್ರಿ ನೀವು” ಎಂದು ಅಂಗಿ ಮೈಮೇಲಿದ್ದಂತೆಯೇ ಹೊಲಿಗೆ ಬಿಚ್ಚತೊಡಗುತ್ತಾನೆ. ಮದುವೆಗೆ ಹೋದರೆ ವಧೂವರರನ್ನು ಬಿಟ್ಟು ಅಕ್ಕಿಕಾಳು ಹಾಕುವವರ ತೋಳುಗಳನ್ನು ನೋಡುತ್ತಾನೆ. ಸಂಕೇಶ್ವರದ ಬಸ್ಸಿಗೆ ಯಾರಾದರೂ ಕೈ ಮಾಡಿದರೆ, ಅದು ಡ್ರೈವರನಿಗಿಂತ ಮೊದಲು ರಾಚಪ್ಪನ ಕಣ್ಣಿಗೆ ಬೀಳುತ್ತದೆ. ತಾನು ಮಾತ್ರ ಗಿರಾಕಿಗಳು ಬೇಡವೆಂದು ಬಿಟ್ಟುಹೋದ ಅಂಗಿಗಳನ್ನೇ ತೊಡುತ್ತಾನೆ. ಹೆಂಡತಿ ಶೈಲಾ “ನಿಮಗೂ ಒಂದು ಛಲೋದು ಹೊಲಕೊಳ್ರಿ, ಜನ ನಗತಾರ” ಎಂದರೆ, “ಎಲ್ಲಿ ತಪ್ಪೇನಿ ಅಂತ ನನ್ನ ಮೈಗೆ ತಿಳೀಬೇಕಲ್ಲ” ಎನ್ನುತ್ತಾನೆ. ಅವನ ಬಳಿ ಇರುವ ಅಂಗಿಗಳಲ್ಲೆಲ್ಲ ಹಳೆಯದು ಮಾತ್ರ ಗಿರಾಕಿಯದಲ್ಲ, ಅವನ ಅಪ್ಪನದು. ರಾಚಪ್ಪ ಕೆಲಸ ಕಲಿತ ಹೊಸದರಲ್ಲಿ ಹೊಲಿದದ್ದು. ಮಗ ಹೊಲಿದದ್ದೆಂದು ಅಪ್ಪ ಅದನ್ನು ಬಿಟ್ಟು ಬೇರೆ ತೊಡುತ್ತಿರಲಿಲ್ಲ. ದಿನಾ ಬೆಳಿಗ್ಗೆ “ರಾಚೂ, ತಲಿಗೆ ರುಮಾಲ ಸುತ್ತಿ ಕೊಡೋ” ಎಂದು ಕರೆಯುತ್ತಿದ್ದ. “ಯಪ್ಪಾ, ನಿನಗ ಕೈ ಇಲ್ಲೇನು?” ಎಂದು ಸಿಡುಕುತ್ತಲೇ ರಾಚಪ್ಪ ಸುತ್ತಿ ಕೊಡುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಒಂದು ದಿನ, ಆಸೆಯಾಗಿ, ಆ ಅಂಗಿ ತೊಟ್ಟು ಅದೇ ರುಮಾಲನ್ನು ತಲೆಗೆ ಸುತ್ತಿಕೊಳ್ಳಲು ಹೋದ. ಅಂಗಿ ಕಂಕುಳಲ್ಲಿ ಹಿಡಿದು, ಕೈಗಳು ಹೆಗಲ ಮಟ್ಟಕ್ಕೆ ಬಂದು ನಿಂತುಬಿಟ್ಟವು.